ಪಾಳು ಮನೆಯ ಮುಂದೆ ಒಂದು ಗಳಿಗೆ

ಪಾಳು, ಹಾಳು ಎಂಬ ಎರಡು ಶಬ್ದಗಳನ್ನು ನಾವು ದಿನನಿತ್ಯ ಬಳಸುತ್ತೇವೆ. ಎರಡಕ್ಕೂ ಮೂಲ ಹಳಗನ್ನಡದ ‘ಪಾೞ್’ ಎಂಬ ಒಂದೇ ಶಬ್ದ. ಕಾಲಾಂತರದಲ್ಲಿ ಪಕಾರವು ಹಕಾರವಾಗಿ ‘ಹಾಳು’ ಆಯಿತು. ಆದರೂ ‘ಪಾಳು’ ಎಂಬ ರೂಪ ಅಳಿಯದೆ ಉಳಿಯಿತು. ಬಳಕೆಯಲ್ಲಿ ಇವುಗಳ ನಡುವೆ ಸಣ್ಣದೊಂದು ಭೇದವುಂಟು. ಹಾಳಾದದ್ದು ಕೆಟ್ಟುಹೋದದ್ದು, ಪಾಳುಬಿದ್ದದ್ದು ಜನರು ಬಿಟ್ಟುಹೋದದ್ದು. ಬಿಟ್ಟುಹೋದದ್ದೆಲ್ಲ ಆ ಕೂಡಲೇ ಕೆಟ್ಟುಹೋಗುವುದಿಲ್ಲ. ಪಾಳುಬಿದ್ದ ಕಟ್ಟಡವು ಹಾಳಾಗುವುದಕ್ಕೆ ಮುಂಚೆ ಕೆಲವು ಕಾಲ ಉಂಟಷ್ಟೆ. ಆ ಕಾಲದಲ್ಲಿ ನಾವು ಮಾಡಬಹುದಾದ ಒಂದು ಕೆಲಸವನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಜನರು ತೊರೆದ ಮನೆ, ಕೋಟೆ, ಕಾರ್ಖಾನೆಗಳನ್ನು ಹುಡುಕಿಕೊಂಡು ಹೋಗಿ ಅವುಗಳ ಛಾಯಾಚಿತ್ರ ತೆಗೆಯುವುದು ಇಂದು ಹಲವು ದೇಶಗಳಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. “ಬಾವಲಿ ಹಾರಾಡುವ ಕಡೆ ಇವರಿಗೇನು ಕೆಲಸ?” ಎಂದು ತಾವು ಕೇಳಬಹುದು. ಉತ್ತರಕ್ಕಾಗಿ ತಮ್ಮ ಜೇಬಿನಲ್ಲಿರುವ ಐವತ್ತು ರೂಪಾಯಿಯ ಹೊಸ ನೋಟನ್ನು ತೆಗೆದು ನೋಡಿರಿ. ಅದರ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ರಥದ ಆಕಾರವೇ ಅಷ್ಟು, ಮೇಲೆ ಏನೂ ಇರಲಿಲ್ಲ ಎಂದು ನಾವು ನಂಬಿದ್ದೇವೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿಯು ಪಾಳುಬಿದ್ದ ಆ ನಗರದಲ್ಲಿ ಸುತ್ತಾಡಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ಹಿಡಿದನು. ಆತನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ! ಆ ಶಿಖರ ಇಂದು ಇಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂಬುದು ಕಣ್ಣಿಗೆ ಕಟ್ಟುತ್ತದೆ. ಗ್ರೀನ್ಲಾನಿಗೆ ಅದು ಹವ್ಯಾಸ. ನಮಗೆ ಅದು ಸಾಕ್ಷಿ.

ಹಂಪೆ ದೂರವಾಯಿತು ಎನ್ನುವಿರಾ? ನಮ್ಮ ಭಂಕೂರ, ಶಹಾಬಾದಗಳ ಸುತ್ತಮುತ್ತ ನೋಡೋಣ. ಚಿತ್ತಾಪುರದ ಬಳಿಯಲ್ಲಿಯೇ ನಾಗಾವಿ ಇದೆ. ಎಲ್ಲಮ್ಮನ ದರ್ಶನಕ್ಕೆ ಜನರು ಬರುತ್ತಾರೆ. ಪಕ್ಕದ ಅರವತ್ತು ಕಂಬದ ಗುಡಿಯಲ್ಲಿ ಗಾಳಿಯೊಂದೇ ಓಡಾಡುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಶಾಸನದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ ವಿದ್ಯಾರ್ಥಿಗಳ ಲೆಕ್ಕವಿದೆ. ಪುಸ್ತಕಗಳನ್ನು ನೋಡಿಕೊಳ್ಳಲು 6 ಮಂದಿ ‘ಸರಸ್ವತೀ ಭಂಡಾರಿಗ’ರಿದ್ದರಂತೆ! ಪುಸ್ತಕದ ಕಪಾಟಿನ ಬೀಗದಕೈಯನ್ನು ಮೂವತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಶಾಲಾ ಮಾಸ್ತರನಾದ ನನಗೆ ಆ ಆರು ಮಂದಿಯ ಮೇಲೆ ಬಲು ಪ್ರೀತಿ. ಅವರು ಕಾದ ಪುಸ್ತಕ ಒಂದೂ ಉಳಿಯಲಿಲ್ಲ. ಅವರಿದ್ದರೆಂದು ಹೇಳುವ ಕಲ್ಲು ಉಳಿಯಿತು.

ಇನ್ನು ಭೀಮಾ ನದಿಯ ದಂಡೆಯ ಫಿರೋಜಾಬಾದ. ಬಹಮನಿ ಸುಲ್ತಾನ ಫಿರೋಜ ಶಹನು 1400ರ ಸುಮಾರಿಗೆ ಕಟ್ಟಿಸಿದ ನಗರವಿದು. ಮೂರು ದಿಕ್ಕಿಗೆ ಕಲ್ಲಿನ ಗೋಡೆ, ನಾಲ್ಕನೆಯ ದಿಕ್ಕಿಗೆ ನದಿಯೇ ಕಾವಲು. ಒಳಗೆ ವಿಶಾಲವಾದ ಮಸೀದಿ, ಅರಮನೆಯ ಗೋಡೆಗಳು, ಹಮಾಮುಖಾನೆಗಳು ಇಂದಿಗೂ ನಿಂತಿವೆ. ಕಟ್ಟಿದ ರಾಜವಂಶ ಹೋಯಿತು, ನಗರವನ್ನು ತೊರೆದು ಜನರೂ ಹೋದರು. ಜಾಲಿಮುಳ್ಳಿನ ನಡುವೆ ಕಮಾನುಗಳು ಉಳಿದವು.

ರಾಜರ ಮಾತು ಹಾಗಿರಲಿ. ಭಂಕೂರಿನಲ್ಲಿ ನನ್ನ ಸೋದರಮಾವನದೊಂದು ವಾಡೆ ಇತ್ತು. ಅಂಗಳಕ್ಕೆ ಫರ್ಸಿ, ಮಾಳಿಗೆಗೆ ಫರ್ಸಿ, ಗೋಡೆಗೂ ನಮ್ಮದೇ ಖಣಿಯ ಕಲ್ಲು. ಮಕ್ಕಳು ಕೆಲಸ ಹುಡುಕಿಕೊಂಡು ಊರೂರು ಸೇರಿದರು, ವಾಡೆ ಪಾಳುಬಿತ್ತು. ನನ್ನ ಬಳಿ ಕ್ಯಾಮೆರಾ ಇತ್ತು. “ಮುಂದಿನ ರಜೆಗೆ ತೆಗೆದರಾಯಿತು” ಎಂದು ಹತ್ತು ರಜೆಗಳನ್ನು ಕಳೆದೆ. ಒಂದು ಮಳೆಗಾಲದಲ್ಲಿ ಪಡಸಾಲೆ ಕುಸಿಯಿತು. ಉಳಿದ ಕಲ್ಲು, ತೊಲೆಗಳು ಮಾರಾಟವಾದವು. ಈಗ ನಮ್ಮಲ್ಲಿರುವುದು ಒಂದು ಮದುವೆಯ ಫೋಟೋ. ಅದರಲ್ಲಿ ಬೀಗರ ಹಿಂದೆ ಅರ್ಧ ಕಂಬ ಕಾಣುತ್ತದೆ. ಅದು ಪಡಸಾಲೆಯ ಕಂಬವೋ ದೇವರಮನೆಯ ಕಂಬವೋ ಎಂದು ಅಕ್ಕನೂ ನಾನೂ ಈಗಲೂ ವಾದಿಸುತ್ತೇವೆ. ಫೋಟೋದ ಹಿಂದೆ ಯಾರೂ ಏನೂ ಬರೆದಿಲ್ಲ.

ಆದುದರಿಂದ ಈ ಹವ್ಯಾಸಕ್ಕೆ ಕೈಹಾಕುವವರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಪಾಳುಬಿದ್ದರೂ ಕಟ್ಟಡಕ್ಕೆ ಒಡೆಯರಿರುತ್ತಾರೆ. ಅವರನ್ನು ಕೇಳದೆ ಒಳಗೆ ಕಾಲಿಡಬಾರದು. ಮುಚ್ಚಿದ ಕಾರ್ಖಾನೆಗೂ ಇದೇ ಮಾತು. ಒಬ್ಬರೇ ಹೋಗಬಾರದು. ಮಳೆ ನಿಂತ ಹೊಸದರಲ್ಲಿ ಹೋಗಲೇಬಾರದು. ಮಣ್ಣಿನ ಗಾರೆ ನೀರು ಕುಡಿದು ಸಡಿಲಗೊಂಡಾಗ ಮೇಲಿನ ಫರ್ಸಿ ಯಾವ ಗಳಿಗೆಯಲ್ಲಾದರೂ ಜಾರೀತು. ಹಾವು, ಹೆಜ್ಜೇನುಗಳ ಎಚ್ಚರವೂ ಬೇಕು.

ಚಿತ್ರ ತೆಗೆಯುವಾಗ ಮೊದಲು ಇಡೀ ಕಟ್ಟಡ, ಅನಂತರ ನಾಲ್ಕು ದಿಕ್ಕು, ಆಮೇಲೆ ಬಾಗಿಲು, ಕಂಬ, ಗೂಡು ಎಂಬ ಕ್ರಮವಿರಲಿ. ಅಳತೆ ತಿಳಿಯಲು ಒಂದು ಕೋಲನ್ನೋ ಒಬ್ಬ ಮನುಷ್ಯನನ್ನೋ ಪಕ್ಕದಲ್ಲಿ ನಿಲ್ಲಿಸಿರಿ. ಶಾಸನವಿದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಕೊರೆದ ಅಕ್ಷರದೊಳಗೆ ನೆರಳು ಕುಳಿತು ಓದಲು ಬರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ಅಕ್ಷರ ಎದ್ದು ಕಾಣಲೆಂದು ಎಣ್ಣೆ, ಸುಣ್ಣ ಬಳಿಯಬೇಡಿರಿ. ರಕ್ಷಿತ ಸ್ಮಾರಕವನ್ನು ಕೆಡಿಸುವುದು 1958ರ ಕಾಯಿದೆಯ ಪ್ರಕಾರ ಅಪರಾಧ. 2010ರ ತಿದ್ದುಪಡಿಯ ತರುವಾಯ ಅದಕ್ಕೆ ಎರಡು ವರ್ಷಗಳವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಅಲ್ಲಿಂದ ಒಂದು ಚೂರು ಕಲ್ಲನ್ನೂ ಮನೆಗೆ ತರಬಾರದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು ಬರವಣಿಗೆ. ಊರು, ದಿನಾಂಕ, ಯಾವ ದಿಕ್ಕಿನಿಂದ ತೆಗೆದದ್ದು, ಆ ಜಾಗಕ್ಕೆ ಊರವರು ಕರೆಯುವ ಹೆಸರು—ಇಷ್ಟನ್ನು ಅಂದೇ ಬರೆದಿಡಿರಿ. ಊರಿನ ಹಿರಿಯರನ್ನು ಕೇಳಿ ಅವರು ಹೇಳಿದ್ದನ್ನೂ ಸೇರಿಸಿರಿ. ಈ ಸಾಲುಗಳಿಲ್ಲದ ಚಿತ್ರ, ತಂದೆತಾಯಿಯ ಹೆಸರು ಹೇಳಲಾರದ ಮಗುವಿನಂತೆ.

ಕ್ಯಾಮೆರಾ ಈಗ ಶ್ರೀಮಂತರ ಸೊತ್ತಲ್ಲ. ಮನೆಮನೆಯ ದೂರವಾಣಿಯಲ್ಲೇ ಅದಿದೆ. ಬರುವ ಭಾನುವಾರ ಬಾನುಲಿಯ ಬೆಳಗಿನ ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ತಮ್ಮ ಓಣಿಯ ಕೊನೆಯ ಹಳೆಯ ಮನೆಯವರೆಗೆ ಹೋಗಿ ಬನ್ನಿರಿ. ಮುಂದಿನ ರಜೆಯವರೆಗೆ ಕಾಯಬೇಡಿರಿ.