ಹೊಟ್ಟು ಎದ್ದರೆ ಚರ್ಮ ತೆಳುವಾಯಿತೇ?

ಟ್ರೆಟಿನಾಯಿನ್ ಎಂಬುದು ಎ ಜೀವಸತ್ವದ ಆಮ್ಲರೂಪ. ಗಜ್ಜರಿ, ನುಗ್ಗೆಸೊಪ್ಪಿನಿಂದ ದೇಹ ಮಾಡಿಕೊಳ್ಳುವ ರೆಟಿನಾಲ್, ಚರ್ಮದ ಕೋಶದೊಳಗೆ ಎರಡು ಹಂತ ದಾಟಿ ಈ ಆಮ್ಲವಾಗುತ್ತದೆ. ಅಂಗಡಿಯ ಕ್ರೀಮಿನಲ್ಲಿರುವುದು ಆ ರೆಟಿನಾಲ್. ವೈದ್ಯರ ಚೀಟಿಯ ಮುಲಾಮಿನಲ್ಲಿ ಆಮ್ಲವೇ ಸಿದ್ಧವಾಗಿರುತ್ತದೆ. ಆದ್ದರಿಂದಲೇ ಶೇಕಡಾ 0.025ರಷ್ಟಿದ್ದರೂ ಅದು ಕೆಲಸ ಮಾಡುತ್ತದೆ. ಅಡಾಪಲೀನ್, ಟಜರೊಟೀನ್ ಕೂಡ ರೆಟಿನಾಯ್ಡ್ ಎಂಬ ಇದೇ ಬಳಗದವು.

ಮೊಡವೆಗೆ ಉಷ್ಣವೂ ಕಾರಣವಲ್ಲ, ಮದುವೆ ಅದಕ್ಕೆ ಮದ್ದೂ ಅಲ್ಲ. ರೋಮರಂಧ್ರದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ, ಜಿಡ್ಡು ಹೊರಬರುವ ದಾರಿ ಮುಚ್ಚುವುದೇ ಅದರ ಮೊದಲು. ರೆಟಿನಾಯ್ಡ್ ಈ ಅಂಟನ್ನು ತಡೆಯುತ್ತದೆ. ಕಣ್ಣಿಗೆ ಕಾಣದ ಮೊಡವೆಯೇ ಅದರ ಗುರಿಯಾದ್ದರಿಂದ, ಗುಳ್ಳೆಯ ಮೇಲಷ್ಟೇ ಅಲ್ಲ, ಮೊಡವೆ ಏಳುವ ಇಡೀ ಭಾಗಕ್ಕೆ ತೆಳುವಾಗಿ ಹಚ್ಚಬೇಕು.

ಸುಕ್ಕಿನ ಮೇಲಿನ ಪರಿಣಾಮ ಗೊತ್ತಾದದ್ದು ಆಕಸ್ಮಿಕ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಬಳಿ ಮೊಡವೆಗೆ ಮದ್ದು ಪಡೆದ ನಡುವಯಸ್ಸಿನ ಹೆಂಗಸರು, ಮುಖ ನುಣುಪಾಯಿತೆಂದು ತಾವಾಗಿಯೇ ಹೇಳಿದರು. ಆ ಕುರಿತ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಇಲ್ಲಿ ಸುಕ್ಕೆಂದರೆ ಹೆಚ್ಚಾಗಿ ಬಿಸಿಲಿನ ಸುಕ್ಕು. ಕಲ್ಲೋಳಿ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದವರ ಮುಂಗೈಯನ್ನೂ ತೋಳಿನ ಒಳಭಾಗವನ್ನೂ ಹೋಲಿಸಿದರೆ ಸಾಕು: ವಯಸ್ಸು ಎರಡಕ್ಕೂ ಒಂದೇ, ಚರ್ಮ ಒಂದೇ ಅಲ್ಲ. ಬಿಸಿಲು ಕೆಡಿಸಿದ ಕೊಲಾಜನ್ ಎಳೆಗಳನ್ನು ಟ್ರೆಟಿನಾಯಿನ್ ಮತ್ತೆ ಕಟ್ಟಿಸುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಮೊದಲ ವಾರಗಳಲ್ಲಿ ಮುಖ ಕೆಂಪಾಗಿ ಹೊಟ್ಟು ಏಳುತ್ತದೆ. ಚರ್ಮ ಸವೆಯಿತೆಂದು ಹೆದರಿ ಬಹಳ ಮಂದಿ ಬಿಟ್ಟುಬಿಡುವುದು ಆಗಲೇ. ನಡೆಯುವುದು ಇದಕ್ಕೆ ವಿರುದ್ಧ: ಉದುರುವುದು ಮೇಲಿನ ಸತ್ತ ಪದರ, ಅದರ ಕೆಳಗಿನ ಜೀವಂತ ಪದರ ದಪ್ಪವಾಗುತ್ತದೆ. ಚರ್ಮವನ್ನು ನಿಜವಾಗಿ ತೆಳುಮಾಡುವುದು ಸ್ಟಿರಾಯ್ಡ್. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಮೂರೂ ಬೆರೆತ ಟ್ಯೂಬು ಬಂಗಿಗೆಂದು ಸ್ವಲ್ಪ ಕಾಲ ಬಳಸುವ ಔಷಧ. ಅದನ್ನೇ ಬಿಳುಪಿನ ಕ್ರೀಮೆಂದು ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ಬಳಿದುಕೊಳ್ಳುವುದು ಶುದ್ಧ ಅವಿವೇಕ. ರಕ್ತನಾಳಗಳು ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ, ಉರಿಯೆಂದು ಮತ್ತೆ ಅದೇ ಟ್ಯೂಬು. ತಪ್ಪು ಮೊಮೆಟಾಸೋನಿನದು, ಹೆಸರು ಕೆಡುವುದು ಟ್ರೆಟಿನಾಯಿನಿನದು.

ಕಂದು ಚರ್ಮಕ್ಕೆ ಮಾತ್ರ ಒಂದು ಎಚ್ಚರಿಕೆ ಬೇಕು, ಅತಿಯಾದ ಉರಿಯೂತ ತಾನೇ ಕಪ್ಪು ಕಲೆ ಉಳಿಸಬಲ್ಲದು. ಹಾಗಾಗಿ ವಾರಕ್ಕೆ ಎರಡು ಮೂರು ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಹಚ್ಚುವುದರಿಂದ ಆರಂಭ. ಬೆಳಕಿಗೆ ಟ್ರೆಟಿನಾಯಿನ್ ಕೆಡುವುದೂ ರಾತ್ರಿಯನ್ನೇ ಆರಿಸಲು ಕಾರಣ. ಹಗಲು ಸನ್‌ಸ್ಕ್ರೀನ್ ಅಥವಾ ಸೆರಗಿನ ಮರೆ ಬೇಕೇ ಬೇಕು. ಮೊಡವೆ ಹತೋಟಿಗೆ ಬರಲು 8ರಿಂದ 12 ವಾರ.

ಬಸುರಿಯರು ಈ ಯಾವ ಮುಲಾಮನ್ನೂ ಬಳಸಬಾರದು. ಇದೇ ಬಳಗದ ಐಸೊಟ್ರೆಟಿನಾಯಿನ್ ಗುಳಿಗೆ ಭ್ರೂಣಕ್ಕೆ ತೀವ್ರ ಊನ ತರುತ್ತದೆ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಅದನ್ನು ಬಿಟ್ಟಿರಬೇಕು.