ಪುಸ್ತಕಭಂಡಾರದಲ್ಲಿ ಕೈಬರಹದ ಕಿರುಪತ್ರಿಕೆ

ಪುಸ್ತಕಭಂಡಾರವೆಂದರೆ ಅನ್ಯತ್ರ ರಚಿತವಾದ ಗ್ರಂಥಗಳನ್ನು ತಂದು ಕಾಪಿಡುವ ಸ್ಥಾನವೆಂಬ ಭಾವನೆಯು ಇಂದು ಸಾಮಾನ್ಯವಾಗಿದೆ. ಆದರೆ ಅಲ್ಲಿಗೆ ಬರುವ ವಾಚಕನೇ ಲೇಖಕನಾಗಿ, ಸ್ವಹಸ್ತದಿಂದ ಒಂದು ಕಿರುಪತ್ರಿಕೆಯನ್ನು ರಚಿಸಿ ಅದೇ ಭಂಡಾರಕ್ಕೆ ಒಪ್ಪಿಸುವ ಪದ್ಧತಿಯು ಈಚೆಗೆ ಹಲವು ದೇಶಗಳಲ್ಲಿ ಪ್ರಚಾರಕ್ಕೆ ಬಂದಿರುವುದು. ಇದರ ಸ್ವರೂಪವೇನು, ನಮ್ಮಲ್ಲಿ ಇದಕ್ಕೆ ಪೂರ್ವಪರಂಪರೆಯುಂಟೆ, ಅಗಸೂರಿನಂತಹ ಗ್ರಾಮಕ್ಕೆ ಇದರಿಂದ ಪ್ರಯೋಜನವೇನು ಎಂಬುದು ಇಲ್ಲಿ ವಿಚಾರ್ಯವಾಗಿದೆ.

ಪಾಶ್ಚಾತ್ಯರು ಈ ಕಿರುಪತ್ರಿಕೆಯನ್ನು ‘ಝೀನ್’ ಎಂದು ಕರೆಯುವರು. ಇದು ‘ಮ್ಯಾಗಜೀನ್’ ಶಬ್ದದ ಅಂತ್ಯಭಾಗ. ಆ ಶಬ್ದದ ಮೂಲವು ಉಗ್ರಾಣಗಳೆಂಬರ್ಥದ ಅರಬ್ಬೀ ‘ಮಖಾಜಿನ್’. ನಾವು ನಿತ್ಯವೂ ಬಳಸುವ ‘ಖಜಾನೆ’ಯೂ ಅದೇ ಧಾತುವಿನಿಂದ ಹುಟ್ಟಿದುದು. ಹೀಗೆ ಭಂಡಾರವೆಂಬರ್ಥವು ಆ ಹೆಸರಿನಲ್ಲಿಯೇ ಅಡಗಿದೆ. ಅಮೆರಿಕಾದೇಶದಲ್ಲಿ ವಿಜ್ಞಾನಕಥೆಗಳ ಅಭಿಮಾನಿಗಳು 1930ರಲ್ಲಿ ಹೊರಡಿಸಿದ ‘ದಿ ಕಾಮೆಟ್’ ಎಂಬುದು ಈ ಜಾತಿಯ ಪತ್ರಿಕೆಗಳಲ್ಲಿ ಮೊದಲನೆಯದೆಂದು ಗಣಿತವಾಗಿದೆ. 1940ರಲ್ಲಿ ಲೂಯಿ ರಸೆಲ್ ಶೋವನೆ ಎಂಬಾತನು ಇಂಥವಕ್ಕೆ ‘ಫ್ಯಾನ್‌ಝೀನ್’ ಎಂದು ಹೆಸರಿಟ್ಟನು. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಗ್ರಂಥಾಲಯವು 2003ರಿಂದ ಇವುಗಳನ್ನು ಕ್ರಮವಾಗಿ ಸಂಗ್ರಹಿಸುತ್ತಿದೆ. ನೆರೆಯ ಕೇರಳದ ಗ್ರಂಥಶಾಲೆಗಳಲ್ಲಿಯೂ ಕೈಬರಹದ ಮಾಸಪತ್ರಿಕೆಗಳ ಸಂಪ್ರದಾಯವು ಬಹುಕಾಲದಿಂದ ಇದ್ದುದಾಗಿದೆ.

ಕನ್ನಡನಾಡಿಗೆ ಇದು ಸರ್ವಥಾ ನೂತನವಲ್ಲ. ಅಚ್ಚು ಬರುವುದಕ್ಕೆ ಮುಂಚೆ ಗ್ರಂಥವನ್ನು ರಕ್ಷಿಸುವುದೆಂದರೆ ಅದರ ಪ್ರತಿಯನ್ನು ಬರೆಯಿಸುವುದೇ ಆಗಿದ್ದಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದುದು ಪ್ರಸಿದ್ಧವಾಗಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ವರ್ತಕರ ಮನೆಗಳಲ್ಲಿಯೂ ಇದ್ದವು. ಲೇಖನವೂ ಸಂರಕ್ಷಣವೂ ಬೇರೆಬೇರೆಯಾದುದು ಅಚ್ಚಿನ ಕಾಲದಲ್ಲಿ.

ಕಿರುಪತ್ರಿಕೆಯ ರಚನಾಕ್ರಮವು ಅತಿಸುಲಭವಾದುದು. ಒಂದು ಹಾಳೆಯನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಎರಡು ಸಲ ಮಡಿಚಿ ಬಿಡಿಸಿದರೆ ನಾಲ್ಕುನಾಲ್ಕರ ಎರಡು ಸಾಲುಗಳಲ್ಲಿ 8 ಅಂಕಣಗಳು ದೊರೆಯುವವು. ನಡುವಣ ಉದ್ದಮಡಿಕೆಯನ್ನು ಮಧ್ಯದ ಎರಡು ಅಂಕಣಗಳಷ್ಟು ಮಾತ್ರ ಕತ್ತರಿಸಬೇಕು. ಬಳಿಕ ಹಾಳೆಯನ್ನು ಉದ್ದಕ್ಕೆ ಮಡಿಚಿ ಎರಡು ತುದಿಗಳನ್ನೂ ಒಳಕ್ಕೆ ಒತ್ತಿದರೆ ಸೀಳು ತೆರೆದುಕೊಂಡು, ಹೊದಿಕೆಯೂ ಸೇರಿ 8 ಪುಟಗಳ ಪುಸ್ತಕವಾಗುವುದು. ಹೊಲಿಗೆಯೂ ಅಂಟೂ ಬೇಡ. ಬರಹವೆಲ್ಲ ಹಾಳೆಯ ಒಂದೇ ಮೈಯಲ್ಲಿರುವುದರಿಂದ ಜೆರಾಕ್ಸ್ ಯಂತ್ರದಲ್ಲಿ ಒಂದೇ ಸಲಕ್ಕೆ ಪೂರ್ಣ ಪ್ರತಿಯು ಸಿದ್ಧವಾಗುವುದು. ಗ್ರಂಥಪಾಲಕನು ಕಾಗದವನ್ನೂ ಮೇಜನ್ನೂ ಒದಗಿಸಿ, ಮೂಲಪ್ರತಿಗೆ ಕ್ರಮಸಂಖ್ಯೆಯನ್ನಿತ್ತು ಕಾಪಿಟ್ಟು, ನಕಲನ್ನು ಓದಲು ಕೊಡತಕ್ಕದ್ದು. ಹೇಳಿದವರಾರು, ಬರೆದವರಾರು, ಊರಾವುದು, ವರ್ಷವಾವುದು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಅವಶ್ಯವಾಗಿರಬೇಕು. ಹೇಳಿದವರ ಸಮ್ಮತಿಯಿಲ್ಲದೆ ಯಾವುದನ್ನೂ ಬರೆಯಲಾಗದು.

ಇನ್ನು ಅಗಸೂರಿನ ವಿಷಯ. ಅಂಕೋಲಾ ತಾಲೂಕಿನ ಈ ಗ್ರಾಮದಲ್ಲಿ ಅರಣ್ಯ ಇಲಾಖೆಯ ಬೀಜದ ಮಡಿಗಳನ್ನು ನೋಡಿಕೊಂಡವರಲ್ಲಿ ಹೊನ್ನಳ್ಳಿಯ ತುಳಸಿ ಗೌಡರೂ ಒಬ್ಬರು. ಹಾಲಕ್ಕಿ ಒಕ್ಕಲಿಗ ಸಮಾಜದ ಈ ಮಹಿಳೆಯು ಅಕ್ಷರವನ್ನು ಕಲಿತವರಲ್ಲ. ಆದರೆ ಕಾಡಿನಲ್ಲಿ ಯಾವ ಮರದ ಬೀಜವು ಉತ್ತಮ, ಅದನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಬಲ್ಲವರಾಗಿದ್ದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ ಅವರು 2024ರ ದಶಂಬರದಲ್ಲಿ ದಿವಂಗತರಾದರು. ಅದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಸಂಖ್ಯ ಹಾಡುಗಳನ್ನು ಕಂಠದಲ್ಲಿಯೇ ಧರಿಸಿದ್ದವರು. ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎರಡೇ ತಿಂಗಳ ಅಂತರದಲ್ಲಿ ಒಂದು ತಾಲೂಕು ಇಬ್ಬರು ಜ್ಞಾನವೃದ್ಧೆಯರನ್ನು ಕಳೆದುಕೊಂಡಿತು. ಅವರಿಬ್ಬರ ಕೀರ್ತಿಯಿಂದ ಅವರ ವಿದ್ಯೆಯ ಕೆಲವಂಶವಾದರೂ ಹೊರಗಿನವರ ಲಕ್ಷ್ಯಕ್ಕೆ ಬಂದಿತು. ಕೀರ್ತಿಯಿಲ್ಲದ ವೃದ್ಧರು ಮನೆಮನೆಯಲ್ಲಿರುವರು; ಅವರ ಮಾತನ್ನು ಬರೆದುಕೊಳ್ಳಲು ದೂರದ ವಿದ್ವಾಂಸರು ಬರಲಾರರು, ಅವರ ಮೊಮ್ಮಕ್ಕಳು ಬರೆಯಬಲ್ಲರು. 2019ರಿಂದ ಗ್ರಾಮೀಣ ಗ್ರಂಥಾಲಯಗಳು ಪಂಚಾಯತಿಗಳ ಅಧೀನಕ್ಕೆ ಬಂದಿವೆ; 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವವೂ ದೊರೆತಿದೆ. ಓದಲು ಬಂದ ಬಾಲಕರ ಕೈಗೆ ಒಂದು ಹಾಳೆಯನ್ನು ಕೊಡುವುದಷ್ಟೇ ಉಳಿದ ಕೆಲಸ.

ಇಲ್ಲಿ ಒಂದು ಆಶಂಕೆಯುಂಟಾಗಬಹುದು: ವ್ಯಾಕರಣವನ್ನರಿಯದವರ ಬರಹವನ್ನು ಗ್ರಂಥಗಳೊಡನೆ ಇರಿಸಿದರೆ ಅಪಶಬ್ದಗಳಿಗೆ ಮಾನ್ಯತೆಯನ್ನಿತ್ತಂತಾಗದೆ? ಪತಂಜಲಿಯ ಮಹಾಭಾಷ್ಯವೇ ಇದಕ್ಕೆ ಸಮಾಧಾನವನ್ನು ಒದಗಿಸುವುದು. ‘ಗೌಃ’ ಎಂಬ ಒಂದೇ ಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂಬ ಅಪಭ್ರಂಶಗಳಿರುವುದನ್ನು ಭಾಷ್ಯಕಾರನು ಹೆಸರಿಸಿದ್ದಾನೆ. ಅವು ಅಸಾಧುಗಳೆಂಬುದೇ ಆತನ ಅಭಿಪ್ರಾಯ. ಆದರೂ ಆತನು ಬರೆದಿಟ್ಟುದರಿಂದ ಅಂದಿನ ಜನರ ನುಡಿಯು ಇಂದಿಗೂ ನಮಗೆ ಕೇಳಿಸುತ್ತಿದೆ. ಶಬ್ದವನ್ನು ನಿರಾಕರಿಸುವವನಿಗೂ ಮೊದಲು ಅದರ ಸಂಗ್ರಹವು ಬೇಕು. ಆದಕಾರಣ ಉಪಾಧ್ಯಾಯರು ತರಗತಿಯಲ್ಲಿ ಸಾಧುರೂಪವನ್ನು ಕಲಿಸಲಿ. ಅಜ್ಜಿಯ ಮಾತನ್ನು ಬರೆದ ಕಿರುಪತ್ರಿಕೆಯನ್ನು ಮಾತ್ರ ತಿದ್ದದಿರಲಿ. ಹಾಲಕ್ಕಿಯವರ ನುಡಿಯನ್ನು ಗ್ರಾಂಥಿಕಕ್ಕೆ ಪರಿವರ್ತಿಸಿದರೆ ಅರ್ಥವು ಉಳಿಯಬಹುದು, ಪ್ರಮಾಣವು ನಷ್ಟವಾಗುವುದು.

ಇದರಿಂದ ನಿಶ್ಚಿತವಾಗುವುದೇನೆಂದರೆ, ಕೈಬರಹದ ಕಿರುಪತ್ರಿಕೆಯು ಮಕ್ಕಳ ವಿನೋದಮಾತ್ರವಲ್ಲ. ಅಚ್ಚಿಗೆ ದೊರೆಯದ ವಿದ್ಯೆಯನ್ನು ಭಂಡಾರಕ್ಕೆ ಸೇರಿಸುವ ಸಾಧನವೂ ಅಹುದು. ಬೀಜವನ್ನು ಆಯುವುದಕ್ಕೆ ಋತುವಿರುವಂತೆ ಇದಕ್ಕೂ ಕಾಲವಿದೆ. ಹೇಳುವವರು ಇರುವಾಗಲೇ ಈ ಕಾರ್ಯವು ಆರಂಭವಾಗತಕ್ಕದ್ದು.