ಮೈಸೂರುಪಾಕಿನ ವಂಶಾವಳಿ

ಕನ್ನಡನಾಡಿನ ಕೆಲವು ಊರುಗಳು ತಮ್ಮ ಹೆಸರನ್ನು ತಿಂಡಿಗಳಿಗೆ ಧಾರೆಯೆರೆದು ಕೊಟ್ಟಿವೆ. ಧಾರವಾಡ ಪೇಡೆಗೆ ಕೊಟ್ಟಿತು, ಗೋಕಾಕ ಕರದಂಟಿಗೆ, ಬೆಳಗಾವಿ ಕುಂದಕ್ಕೆ, ಮದ್ದೂರು ವಡೆಗೆ. ಆದರೆ ರಾಜಧಾನಿಯೊಂದರ ಹೆಸರನ್ನು ಹೊತ್ತು, ಆ ಊರು ರಾಜಧಾನಿಯಾಗಿ ಉಳಿಯದೆ ಹೋದಮೇಲೂ, ಅದರ ಸಂಸ್ಥಾನವು ಭೂಪಟದಿಂದ ಅಳಿದು 1973ರಲ್ಲಿ ರಾಜ್ಯವೇ ಕರ್ನಾಟಕವೆಂಬ ಹೆಸರನ್ನು ತಳೆದಮೇಲೂ, ಹಬ್ಬದ ಮುನ್ನಾದಿನ ಮನೆಮನೆಯ ಒಲೆಯ ಮೇಲೆ ತನ್ನ ಆಧಿಪತ್ಯವನ್ನು ಬಿಟ್ಟುಕೊಡದೆ ಇರುವ ಸಿಹಿ ಮೈಸೂರುಪಾಕು ಒಂದೇ.

ಅದರ ಜನನವೃತ್ತಾಂತವನ್ನು ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಅರಮನೆಯ ಪಾಕಶಾಲೆಯಲ್ಲಿ ಕಾಕಾಸುರ ಮಾದಪ್ಪನವರೆಂಬ ಬಾಣಸಿಗರು. ಒಂದು ದಿನ ಪ್ರಭುಗಳ ತಟ್ಟೆಯಲ್ಲಿ ಉಳಿದೆಲ್ಲ ವ್ಯಂಜನಗಳು ಸಿದ್ಧವಾಗಿದ್ದರೂ ಸಿಹಿಯ ಸ್ಥಾನ ಬರಿದಾಗಿತ್ತಂತೆ. ಕೈಗೆ ಸಿಕ್ಕಿದ ಕಡಲೆಹಿಟ್ಟು, ತುಪ್ಪ, ಸಕ್ಕರೆಗಳನ್ನು ಕೂಡಿಸಿ ಮಾದಪ್ಪನವರು ಏನನ್ನೋ ಕಾಯಿಸಿ ತಟ್ಟೆಯ ನಡುವೆ ಇಟ್ಟರು. ಮಹಾರಾಜರು ಊಟ ಮುಗಿಸಿ ಅದರತ್ತ ಕೈಚಾಚುವ ಹೊತ್ತಿಗೆ ಅದು ಆರಿ ಗಟ್ಟಿಯಾಗಿತ್ತು. ಇದರ ಹೆಸರೇನೆಂದು ಕೇಳಿದಾಗ, ಹೆಸರಿಲ್ಲದ ವಸ್ತುವಿಗೆ ಆ ಕ್ಷಣ ನಾಲಗೆಗೆ ಬಂದದ್ದನ್ನು ಇಟ್ಟು, ಮೈಸೂರುಪಾಕವೆಂದರು. ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಸಾಲಿನಲ್ಲಿ, ಅವರ ವಂಶಸ್ಥರು ನಡೆಸುವ ಗುರು ಸ್ವೀಟ್ ಮಾರ್ಟ್ ಇಂದಿಗೂ ಈ ಕಥೆಯನ್ನೂ ಈ ಸಿಹಿಯನ್ನೂ ಒಟ್ಟಿಗೆ ಕಟ್ಟಿಕೊಡುತ್ತಿದೆ.

ಈ ಕಥೆಯಲ್ಲಿ ಆಕಸ್ಮಿಕಕ್ಕೆ ಸಂದಿರುವ ಗೌರವ ಕೊಂಚ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಕಡಲೆಹಿಟ್ಟನ್ನು ತುಪ್ಪದಲ್ಲಿ ಹುರಿದು ಸಕ್ಕರೆ ಕೂಡಿಸುವ ಲಾಡು, ಮೋಹನಥಾಳ್ ಮೊದಲಾದ ಭಕ್ಷ್ಯಗಳು ಉತ್ತರ, ಪಶ್ಚಿಮ ಭಾರತಗಳಲ್ಲಿ ಪ್ರಸಿದ್ಧವಾಗಿವೆ. ನಮ್ಮ ನಾಡಿನಲ್ಲಿಯೂ ಅಡಿಗೆಯನ್ನು ಶಾಸ್ತ್ರವೆಂದು ಗಣಿಸಿದ ಪರಂಪರೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸದೊಳಗೆ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಮುಂದೆ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಪದ್ಯದಲ್ಲಿಯೇ ಬರೆದನು. ಆದ್ದರಿಂದ ಮಾದಪ್ಪನವರ ಕೈಯಲ್ಲಿ ಆ ದಿನ ಹುಟ್ಟಿದ್ದು ಶೂನ್ಯದಿಂದ ಬಂದದ್ದಲ್ಲ. ಅವರು ಹೊಸದಾಗಿ ಮಾಡಿದ್ದು ಪದಾರ್ಥಗಳ ಸಂಯೋಜನೆಯನ್ನಲ್ಲ, ಕ್ರಮವನ್ನು.

ಆ ಕ್ರಮವನ್ನು ಬಲ್ಲವರೇ ಬಲ್ಲರು. ಒಂದು ಪಾವು ಕಡಲೆಹಿಟ್ಟಿಗೆ ಎರಡು ಪಾವು ಸಕ್ಕರೆ, ಎರಡು ಪಾವು ತುಪ್ಪವೆಂಬುದು ಹಳೆಯ ಮನೆಗಳ ಲೆಕ್ಕ. ಉದಾರಿಗಳು ತುಪ್ಪವನ್ನು ಮೂರಕ್ಕೇರಿಸುವುದುಂಟು. ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕಾಯಿಸುತ್ತ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಾಗ ಒಂದೆಳೆ ಬರುವ ಹದದಲ್ಲಿ, ಜರಡಿಯಾಡಿದ ಹಿಟ್ಟನ್ನು ಗಂಟು ಕಟ್ಟದಂತೆ ಸುರಿಯಬೇಕು. ಇತ್ತ ಬೇರೆ ಒಲೆಯ ಮೇಲೆ ತುಪ್ಪ ಹೊಗೆಯಾಡುವಂತೆ ಕಾದಿರಬೇಕು. ಆ ಕುದಿತುಪ್ಪವನ್ನು ಸೌಟು ಸೌಟಾಗಿ ಎರೆಯುವಾಗ ಪಾಕದೊಳಗೆ ಉಳಿದಿದ್ದ ನೀರು ಒಮ್ಮೆಗೇ ಆವಿಯಾಗಿ ಮೇಲೇಳುತ್ತದೆ. ಬಾಣಲೆಯ ತುಂಬ ಭೋರ್ಗರೆತ. ಹಿಟ್ಟು ಉಬ್ಬಿ, ನೊರೆಗಟ್ಟಿ, ಮೈತುಂಬ ರಂಧ್ರಗಳನ್ನು ತಳೆಯುತ್ತದೆ. ಈ ರಂಧ್ರಗಳೇ ಗಟ್ಟಿ ಮೈಸೂರುಪಾಕಿನ ಕುಲಲಕ್ಷಣ. ತಟ್ಟೆಗೆ ಸುರಿದಮೇಲೆ ಅಂಚುಗಳು ಬೇಗ ಆರುವುದರಿಂದ ತಿಳಿಹಳದಿಯಾಗಿಯೇ ಉಳಿಯುತ್ತವೆ, ನಡುಭಾಗದಲ್ಲಿ ಸಿಕ್ಕಿಬಿದ್ದ ಶಾಖ ಬೇಯಿಸುತ್ತಲೇ ಇರುವುದರಿಂದ ಅಲ್ಲಿ ಕೆಂಪು ಕವಿಯುತ್ತದೆ; ಕತ್ತರಿಸಿದ ಬಿಲ್ಲೆಯ ಪಾರ್ಶ್ವದಲ್ಲಿ ಕಾಣುವ ಆ ಕೆಂಪು ಪಟ್ಟಿ ಬಣ್ಣ ಹಾಕಿ ಮಾಡಿದ್ದಲ್ಲ. ತುಪ್ಪವನ್ನು ಅರೆಗಳಿಗೆ ಮೊದಲು ನಿಲ್ಲಿಸಿದರೆ ಅದು ಹಲ್ವದಂತೆ ಮಲಗುತ್ತದೆ, ಅರೆಗಳಿಗೆ ತಡೆದರೆ ಬಾಣಲೆಯಲ್ಲಿಯೇ ಪುಡಿಯಾಗುತ್ತದೆ. ಇಷ್ಟು ಕಿರಿದಾದ ಮುಹೂರ್ತವನ್ನು ಅವಸರದಲ್ಲಿದ್ದ ಮನುಷ್ಯನೊಬ್ಬನು ದೈವವಶಾತ್ ಹಿಡಿದನೆನ್ನುವುದಕ್ಕಿಂತ, ಬಾಣಲೆಗಳ ಮುಂದೆ ಆಯುಷ್ಯವನ್ನು ಸವೆಸಿದ್ದ ಕೈ ಹಿಡಿಯಿತೆನ್ನುವುದು ನ್ಯಾಯ.

ಅರಮನೆಯ ಕಥೆ ಇಲ್ಲಿಗೆ ಮುಗಿಯುತ್ತದೆ. ಮೈಸೂರುಪಾಕಿನ ಕಥೆ ಮುಗಿಯುವುದಿಲ್ಲ. ರಾಜಭೋಜನದ ಭಕ್ಷ್ಯವೊಂದು ಶಾನುಭೋಗರ ಮನೆಗೂ, ಪ್ರೈಮರಿ ಶಾಲೆಯ ಮೇಷ್ಟರ ಮನೆಗೂ ಬಂದದ್ದು ಹೇಗೆ? ನಮ್ಮ ಸೀಮೆಯ ಹಬ್ಬದ ಸಿಹಿ ಬಹುಪಾಲು ಬೆಲ್ಲದ್ದು: ಹೋಳಿಗೆ, ಕಜ್ಜಾಯ, ಕಡುಬು. ಬಿಳಿಯ ಸಕ್ಕರೆಯಾದರೋ, ಆ ದಶಕಗಳಲ್ಲಿ ಬಹುವಾಗಿ ಜಾವಾ ದ್ವೀಪದಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ವಸ್ತು. ಬೆಲ್ಲದಿಂದ ಮೈಸೂರುಪಾಕನ್ನು ಮಾಡಹೊರಟರೆ ಆ ಹೊಂಬಣ್ಣವೂ ಒದಗದು, ಆ ಗೂಡುಗಳೂ ಒದಗವು.

ಉತ್ತರವನ್ನು ಅಡಿಗೆಮನೆಯ ಹೊರಗೆ ಹುಡುಕಬೇಕು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ಎರಡು ದಶಕಗಳ ತರುವಾಯ, ಅಂದು ಇರ್ವಿನ್ ನಾಲೆಯೆಂದೂ ಇಂದು ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಲ್ಪಡುವ ಕಾಲುವೆಯ ನೀರು ಮಂಡ್ಯದ ಬೆದ್ದಲು ಹೊಲಗಳಿಗೆ ಹರಿಯಿತು. ಮಳೆಯನ್ನು ನಂಬಿ ರಾಗಿ ಬಿತ್ತುತ್ತಿದ್ದ ನೆಲದಲ್ಲಿ ಕಬ್ಬು ಎದ್ದಿತು. 1932ರಲ್ಲಿ ಭಾರತ ಸರ್ಕಾರ ಆಮದು ಸಕ್ಕರೆಯ ವಿರುದ್ಧ ದೇಶದ ಕಾರ್ಖಾನೆಗಳಿಗೆ ಸುಂಕದ ರಕ್ಷಣೆ ಕೊಟ್ಟಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಅದರ ಹಿಂದೆ ನಿಂತು ದುಡಿದವರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಪ್ರಮುಖರು. ಆ ಊರಿನವರು ಅವರನ್ನು ಈಗಲೂ ನೆನೆಯುವುದುಂಟು. ಇದೆಲ್ಲವೂ ನಡೆದದ್ದು, ಯಾರ ತಟ್ಟೆಯಲ್ಲಿ ಈ ಸಿಹಿ ಮೊದಲು ಕುಳಿತಿತೆಂದು ಪ್ರತೀತಿಯಿದೆಯೋ ಅದೇ ಪ್ರಭುವಿನ ಆಳಿಕೆಯಲ್ಲಿ. ಒಂದು ಕೈಯಿಂದ ಸಿಹಿಯನ್ನು ಸವಿದ ರಾಜನು ಮತ್ತೊಂದು ಕೈಯಿಂದ ಅದಕ್ಕೆ ಬೇಕಾದ ಸಕ್ಕರೆಯನ್ನು ಪ್ರಜೆಗಳ ಹಿತ್ತಿಲಿಗೆ ತಂದನೆನ್ನಬಹುದು. ಆದರೆ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವ ಚರಿತ್ರಕಾರರನ್ನು ನಾನು ಕಂಡಿಲ್ಲ.

ಸಕ್ಕರೆ ಸಮೀಪಕ್ಕೆ ಬಂದಿತು, ತುಪ್ಪ ದೂರಕ್ಕೆ ಹೋಯಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸಕ್ಕರೆಗೂ ನಿಯಂತ್ರಣ ಬಂದು, ಆಮೇಲೆಯೂ ಬಹುಕಾಲ ರೇಷನ್ ಕಾರ್ಡಿನ ಮೇಲೆ ಅಳೆದು ಕೊಡುವಂತಾಯಿತು. ಆ ನಡುವೆ, 1937ರಿಂದ, ಹಳದಿ ಡಬ್ಬಿಯ ಮೇಲೆ ಹಸುರು ಮರದ ಚಿತ್ರವುಳ್ಳ ಡಾಲ್ಡಾ ಮಾರುಕಟ್ಟೆಗೆ ಬಂದಿತ್ತು. ಊರೂರಿನ ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಭರಣಿಗಳಲ್ಲಿ, ಖಾರಾಬೂಂದಿಯ ಪಕ್ಕದಲ್ಲಿ, ಮೈಸೂರುಪಾಕಿಗೆ ಸ್ಥಿರವಾಸ ಒದಗಿಸಿದ್ದು ಈ ವನಸ್ಪತಿಯೇ. ಅಂಗುಳಿಗೆ ಮೇಣದಂತೆ ಹತ್ತುತ್ತಿದ್ದ ಆ ಸರಕನ್ನು ರಸಿಕರು ಹಳಿಯುತ್ತಾರೆ. ಆದರೆ ಶಾಲೆಯಿಂದ ಬರುವಾಗ ಚಿಲ್ಲರೆ ಕಾಸಿಗೆ ಅದರ ಚೂರನ್ನು ಕೊಂಡು, ಬೇಗ ಮುಗಿಯಬಾರದೆಂದು ನಾಲಗೆಯಿಂದಲೇ ಸವೆಸುತ್ತ ಮನೆ ಸೇರಿದ ನಮಗೆ, ಶುದ್ಧ ತುಪ್ಪದ ಪಕ್ಷಪಾತಿಗಳೊಡನೆ ಸೇರಿಕೊಂಡು ಅದನ್ನು ಹಳಿಯುವ ಮನಸ್ಸು ಬರುವುದಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ವರ್ಷಕ್ಕೊಮ್ಮೆ, ದೀಪಾವಳಿಗೆ, ತುಪ್ಪದ್ದೇ ಆಗಬೇಕು. ತಿಂಗಳುಗಟ್ಟಲೆ ಕೂಡಿಟ್ಟ ಬೆಣ್ಣೆಯನ್ನು ಕಾಸಿದ ದಿನದಿಂದಲೇ ನಮಗೆ ಹಬ್ಬ. ಪಾಕ ಎಳೆಗೆ ಬರುವ ಸಮಯದಲ್ಲಿ ಮಕ್ಕಳಿಗೆ ಅಡಿಗೆಮನೆ ನಿಷಿದ್ಧ; ಅಮ್ಮನೊಡನೆ ಅಪ್ಪನೂ ಮಾತನಾಡುವಂತಿಲ್ಲ. ಒಳಗಿನಿಂದ ದೊಡ್ಡಮ್ಮನ ಧ್ವನಿ ಕೇಳಿಬರುತ್ತಿತ್ತು: "ಸಾಕು ಕಣೇ, ಇಳಿಸು, ತಳ ಬಿಡ್ತಾ ಇದೆ." "ಇನ್ನೊಂದು ಸೌಟು ಹಿಡಿಯುತ್ತೆ, ಅಕ್ಕಾ" ಎಂದು ಅಮ್ಮ. ಈ ಒಂದು ಸೌಟಿನ ವಿಷಯದಲ್ಲಿ ಅವರಿಬ್ಬರಿಗೆ ಎಂದೂ ಒಮ್ಮತವಾಗಲಿಲ್ಲ. ಬಿಲ್ಲೆ ಗಟ್ಟಿಯಾದ ವರ್ಷ ಅದನ್ನು ಒಡೆಯಲು ಕುಟ್ಟಾಣಿ ತರಲೇ ಎಂದು ಚಿಕ್ಕಪ್ಪ ಕೇಳುವರು. ಮೆತ್ತಗಾದ ವರ್ಷ ಬಟ್ಟಲಿನಲ್ಲಿ ಬಡಿಸಿ, ಇದು ಬೇಕೆಂದೇ ಹೀಗೆ ಮಾಡಿದ್ದೆಂದು ಅಮ್ಮ ಹೇಳುವಳು. ನಾವು ತಟ್ಟೆಗೆ ಅಂಟಿದ ಅಂಚುಗಳನ್ನು ಕೆರೆದು ತಿನ್ನುವ ಹಕ್ಕಿಗಾಗಿ ಸರದಿ ನಿಲ್ಲುತ್ತಿದ್ದೆವು. ಸರಿಯಾಗಿ ಒದಗಿದ ವರ್ಷಗಳ ನೆನಪು ಅಷ್ಟಾಗಿ ಉಳಿದಿಲ್ಲ.

ಮದುವೆಮನೆಗಳಲ್ಲಿ ಅದರ ಯೋಗ್ಯತೆಯೇ ಬೇರೆ. ಅಡಿಗೆಭಟ್ಟರು ಹಿಂದಿನ ದಿನವೇ ಮಾಡಿ ಉಗ್ರಾಣಕ್ಕೆ ಒಪ್ಪಿಸಿದ ಬುಟ್ಟಿಗಳಿಗೆ ಮನೆತನದ ಅತ್ಯಂತ ಜಿಪುಣ ಹಿರಿಯರನ್ನು ಕಾವಲಿಡುವುದು ವಾಡಿಕೆಯಾಗಿತ್ತು. ಪಂಕ್ತಿಗೆ ಎಷ್ಟು ಹೋಗಬೇಕು, ಬೀಗರ ಬುಟ್ಟಿಗೆ ಎಷ್ಟು, ಹೊರಡುವ ನೆಂಟರ ಕೈಗೆ ಚಕ್ಕುಲಿಯೊಡನೆ ಎಷ್ಟು, ಎಂಬುದೆಲ್ಲ ಅವರ ಚಿತ್ತದಲ್ಲಿ. ಬೀಗರ ಕಡೆಯವರು ಬಿಲ್ಲೆಯನ್ನು ಮುರಿದು, ಗೂಡು ನೋಡಿ, ಹೆಣ್ಣಿನ ತಂದೆ ತುಪ್ಪದಲ್ಲಿ ಕೈ ಹಿಡಿದನೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದ ಕಾಲವದು.

ಈಗ ವ್ಯಾಜ್ಯದ ವಿಷಯ ಬದಲಾಗಿದೆ. ಕೊಯಮತ್ತೂರಿನಲ್ಲಿ 1948ರಲ್ಲಿ ಮಹಾದೇವ ಅಯ್ಯರ್ ಅವರು ಆರಂಭಿಸಿದ ಶ್ರೀಕೃಷ್ಣ ಸ್ವೀಟ್ಸ್, ಗೂಡುಗಳಿಲ್ಲದ, ಬಾಯಲ್ಲಿಟ್ಟೊಡನೆ ಕರಗುವ ಮೃದು ಮೈಸೂರುಪಾಕಿಗೆ ಕೀರ್ತಿ ತಂದಿತು. ಅದು ಗಡಿ ದಾಟಿ ಬಂದು ಬೆಂಗಳೂರಿನ ಅಂಗಡಿಗಳನ್ನು ಗೆದ್ದುಕೊಂಡಿತು. ತಮಿಳುನಾಡಿಗೂ ಕರ್ನಾಟಕಕ್ಕೂ ಇದು ಯಾರದೆಂಬ ಜಗಳ ಆಗಾಗ ಏಳುತ್ತದೆ. ನೀರಿನ ಜಗಳಕ್ಕಿಂತ ಇದು ಎಷ್ಟೋ ರುಚಿಕರವೆಂದು ಅದನ್ನು ನಾನು ಆಸಕ್ತಿಯಿಂದ ಓದುತ್ತೇನೆ. ನಿಜವಾದ ಒಡಕು ರಾಜ್ಯಗಳ ನಡುವೆ ಇಲ್ಲ, ತಲೆಮಾರುಗಳ ನಡುವೆ ಇದೆ. ಮೆದುವಾದದ್ದನ್ನು ತಿಂದು ಬೆಳೆದ ಮಕ್ಕಳಿಗೆ ಹಳೆಯದು ಇಟ್ಟಿಗೆ. ಹಳೆಯದಕ್ಕೆ ಒಗ್ಗಿದವರಿಗೆ ಮೆದುವಾದದ್ದು ಕೈತಪ್ಪಿದ ಪಾಕ, ಅಮ್ಮ ಬಟ್ಟಲಿನಲ್ಲಿ ಬಡಿಸಿ ಸಮರ್ಥಿಸಿಕೊಳ್ಳುತ್ತಿದ್ದಂಥದು. ನನ್ನ ಮತವನ್ನು ಕೇಳಿದರೆ, ಮೆದುವಾದದ್ದು ತುಪ್ಪದ ರುಚಿಯನ್ನು ಹೆಚ್ಚು ತೋರಿಸುತ್ತದೆ, ಗಟ್ಟಿಯಾದದ್ದು ಮಾಡಿದವರ ಕೈಯನ್ನು ಹೆಚ್ಚು ತೋರಿಸುತ್ತದೆ. ಕಾಫಿಯ ಜೊತೆಗಾದರೆ ಗಟ್ಟಿಯದೇ ಸರಿ. ಮೈಸೂರಿನ ಅಂಗಡಿಗಳಲ್ಲಿ, ವಿಶೇಷವಾಗಿ ದಸರೆಯ ದಿನ ಜಂಬೂಸವಾರಿ ಬನ್ನಿಮಂಟಪದತ್ತ ಸಾಗಿ, ಸಯ್ಯಾಜಿರಾವ್ ರಸ್ತೆಯ ಜನಸಾಗರವೆಲ್ಲ ಸಿಹಿಯಂಗಡಿಗಳ ಕಡೆ ತಿರುಗಿದಾಗ, ತಕ್ಕಡಿಯ ಮುಂದೆ ಈ ಚರ್ಚೆ ಕಿವಿಗೆ ಬೀಳುತ್ತದೆ. ಅಲ್ಲಿ ಎರಡು ಪಕ್ಷದವರೂ ಕೊನೆಗೆ ಅರ್ಧರ್ಧ ಕೆ.ಜಿ. ಕಟ್ಟಿಸಿಕೊಂಡು, ಬಸ್ಸು ತಪ್ಪೀತೆಂಬ ಧಾವಂತದಲ್ಲಿ ಚಿಲ್ಲರೆಗೆ ಅವಸರಪಡಿಸುತ್ತಾರೆ.